ಮೈಕಿಗೆ ಕಟ್ಟಿದ ದಸ್ತಿ

ನಮ್ಮ ಅತ್ತೆ ಮಾಳಮ್ಮನಿಗೆ ಗಂಡನ ಮುಖ ಗೊತ್ತಾದದ್ದು ಮದುವೆಯ ದಿನ. ದನಿ ಅದಕ್ಕೂ ಎರಡು ವರ್ಷ ಮೊದಲೇ ಗೊತ್ತಿತ್ತು. ಡೊಂಗರಗಾಂವದ ತವರುಮನೆಯಲ್ಲಿ ರೊಟ್ಟಿ ಬಡಿಯುತ್ತ ಕೂತಾಗ ಶುಕ್ರವಾರಕ್ಕೊಮ್ಮೆ ಒಂದು ಜೀಪು ಬರುತ್ತಿತ್ತಂತೆ. ಅದರ ನೆತ್ತಿಯ ಮೇಲಿನ ಸ್ಪೀಕರಿನಿಂದ ಕಮಲಾಪುರದ ಡೇರೆ ಟಾಕೀಸಿಗೆ ಬಂದ ಹೊಸ ಸಿನೆಮಾದ ಕಥೆ ಅರ್ಧ ಕೇಳಿಸುತ್ತಿತ್ತು. ಅರ್ಧವೇ. ನಾಯಕಿ ಬಾವಿಯ ಕಟ್ಟೆ ಹತ್ತಿದಳು ಅನ್ನುವಷ್ಟರಲ್ಲಿ, "ಉಳಿದದ್ದನ್ನು ಬೆಳ್ಳಿಪರದೆಯ ಮೇಲೆ ನೋಡಿರಿ" ಎಂದು ಜೀಪು ಮುಂದಿನ ಊರಿಗೆ ಹೋಗಿಬಿಡುತ್ತಿತ್ತು. ಇತ್ತ ಹಂಚಿನ ಮೇಲೆ ರೊಟ್ಟಿ ಹೊತ್ತುತ್ತಿತ್ತು. ಆ ದನಿಯವನೇ ಕನ್ಯೆ ನೋಡಲು ಬಂದ ದಿನ ಅತ್ತೆ ತಲೆ ಎತ್ತಲಿಲ್ಲ. ಅವನು ಕುಡಿಯಲು ನೀರು ಕೇಳಿದ, ಅಷ್ಟೇ. ಒಳಗೆ ಹೋಗಿ ಅವ್ವನಿಗೆ ಹ್ಞೂಂ ಅಂದರಂತೆ.

ನಮ್ಮ ಮಾವ ನಿಂಗಣ್ಣ ಮೂವತ್ತೊಂದು ವರ್ಷ ಆ ಕೆಲಸ ಮಾಡಿದರು. ಜೀಪು ಓಡಿಸುತ್ತಿದ್ದವರು ತುಕಾರಾಮ ಕಾಕಾ. ಕಮಲಾಪುರ, ಮಹಾಗಾಂವ, ಸುತ್ತಲಿನ ತಾಂಡಾಗಳು, ಎಲ್ಲ ಕಡೆಯ ಕೆಂಪು ಧೂಳು ಇಬ್ಬರೂ ಕುಡಿದವರು. ಆ ಧೂಳಿಗಾಗಿಯೇ ಮಾವ ಮೈಕಿನ ಬಾಯಿಗೆ ಯಾವಾಗಲೂ ಒಂದು ದಸ್ತಿ ಕಟ್ಟುತ್ತಿದ್ದರು. ಬಿಳಿ ಅರಿವೆಯ ಕರವಸ್ತ್ರ, ನಾಲ್ಕು ಮಡಿಕೆ. ಧೂಳು ಹೋಗಬಾರದು, ಉಗುಳು ತಾಗಬಾರದು, ಗಾಳಿ ಬುಸುಗುಡಬಾರದು. ಅನ್ನ ಕೊಡುವ ವಸ್ತುವಿನ ಬಾಯಿ ಬತ್ತಲೆ ಇಡಬಾರದು ಎಂಬುದು ಅವರ ಮಾತು. ಅವರ ದನಿ ಎಂಥದೆಂದರೆ ದಸ್ತಿ ನಾಲ್ಕಲ್ಲ, ಎಂಟು ಮಡಿಕೆ ಇದ್ದರೂ ಸೀಳಿಕೊಂಡು ಬರುತ್ತಿತ್ತು.

ಆಮೇಲೆ ಪ್ರಚಾರವೆಲ್ಲ ರೆಕಾರ್ಡಾಗಿ ಬರತೊಡಗಿತು. ಜೀಪಿಗೆ ಮನುಷ್ಯ ಬೇಡವಾದ. ಡೇರೆಯೂ ಹೋಯಿತು. ಮಾವ ಮದುವೆಗಳಲ್ಲಿ "ಊಟಕ್ಕೆ ಏಳಬೇಕು" ಎಂದು ಕರೆಯುವ ಕೆಲಸಕ್ಕೆ ಹೋಗುತ್ತಿದ್ದರು. ಸಕ್ಕರೆ ಕಾಯಿಲೆಯಿಂದ ಅತ್ತೆಯ ಕಣ್ಣು ಮಂದವಾಗುತ್ತ ಬಂದಾಗ ನನ್ನ ಗಂಡ ಮಾಳಿಂಗ ಇಬ್ಬರನ್ನೂ ಕಲಬುರಗಿಗೆ ಕರೆತಂದ. ಸೇಡಂ ರಸ್ತೆಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಅವನ ನೌಕರಿ, ಹಿಂದಿನ ಬಡಾವಣೆಯಲ್ಲಿ ನಮ್ಮ ಮನೆ. ಚಿಕಿತ್ಸೆ ಆಯಿತು, ಕಣ್ಣು ಉಳಿಯಲಿಲ್ಲ. ಈಗ ನಾಲ್ಕು ವರ್ಷದಿಂದ ಅತ್ತೆಗೆ ಏನೂ ಕಾಣುವುದಿಲ್ಲ. ಮುಂಜಾನೆ ಮಾವ ಪೇಪರು ಓದುತ್ತಿದ್ದರು, ಸಂಜೆ ಹಳೆಯ ಸಿನೆಮಾಗಳ ಅರ್ಧ ಕಥೆ ಹೇಳುತ್ತಿದ್ದರು. ಉಳಿದರ್ಧ ಹೇಳಿರಿ ಎಂದು ಅತ್ತೆ ಜಗಳ ಆಡುತ್ತಿದ್ದರು. ನಾನು ಕೂಸಿಗೆ ಗಂಜಿ ತಿನ್ನಿಸುತ್ತ ಕೇಳುತ್ತಿದ್ದೆ. ಅತ್ತೆಯ ಪಾಲಿಗೆ ಗಂಡ ಎಂದರೆ ಈಗ ಆ ದನಿ ಒಂದೇ.

ಹೋದ ವರ್ಷ ಸೂಪರ್ ಮಾರ್ಕೆಟ್ಟಿನ ಅರಿವೆ ಅಂಗಡಿಯವರ ಮದುವೆಯೊಂದರಲ್ಲಿ ಮಾವ ಊಟಕ್ಕೆ ಕರೆಯುವುದನ್ನು ಕೇಳಿ ವಿವೇಕಾನಂದ ಎಂಬ ಹುಡುಗ ಮನೆ ಹುಡುಕಿಕೊಂಡು ಬಂದ. ಅದೇ ಮನೆತನದವನು. ಅಂಗಡಿಯಲ್ಲಿ ಕೂಡ್ರಲಾರೆ, ಸಿನೆಮಾ ತೆಗೆಯುತ್ತೇನೆ ಎಂದು ಅಪ್ಪನ ಹತ್ತಿರ ಬೈಸಿಕೊಂಡವನು. ನಗೆಯ ಸಿನೆಮಾ ಅಂದ. ಕಥೆ ಕೇಳಿ ನಾನು ಸೌಟು ಹಿಡಿದುಕೊಂಡೇ ಬಾಗಿಲಲ್ಲಿ ನಿಂತೆ.

ಆರು ನೂರು ವರ್ಷದ ಹಿಂದೆ ಒಬ್ಬ ಯೆಹೂದಿ ಕುದುರೆ ವ್ಯಾಪಾರಿ ಈ ಕಡೆ ಬರುತ್ತಾನೆ. ಕುಂಟ ಕುದುರೆ ಮಾರಿದನೆಂದು ಸಿಪಾಯಿಗಳು ಬೆನ್ನು ಹತ್ತುತ್ತಾರೆ. ಕಮಲಾಪುರದ ಒಬ್ಬ ಒಕ್ಕಲಿಗನ ಹಗೇವಿನಲ್ಲಿ, ಅಂದರೆ ನೆಲದೊಳಗೆ ಜೋಳ ತುಂಬಿಡುವ ಕುಣಿಯಲ್ಲಿ, ಅಡಗುತ್ತಾನೆ. ಜೋಳದ ಕಾವಿಗೆ ನಿದ್ದೆ ಹತ್ತುತ್ತದೆ. ಎಚ್ಚರವಾದಾಗ ರಸ್ತೆ ಅಗಲ ಮಾಡಲು ಬಂದ ಜೆಸಿಬಿ ಅವನ ತಲೆಯ ಮೇಲೆ ನಿಂತಿರುತ್ತದೆ. ಆಮೇಲೆ ಆಟೋದವರಿಗೆ ಕುದುರೆ ಎಲ್ಲಿ ಕಟ್ಟಿದ್ದೀರಿ ಎಂದು ಕೇಳುತ್ತ ಊರೂರು ತಿರುಗುತ್ತಾನೆ. ಅವರ ಧರ್ಮದಲ್ಲಿ ಕೂಡಿ ಪ್ರಾರ್ಥನೆ ಮಾಡಲು ಹತ್ತು ಮಂದಿ ಬೇಕಂತೆ. ತನ್ನಂಥ ಇನ್ನೊಂಬತ್ತು ಮಂದಿಯನ್ನು ಹುಡುಕುವುದೇ ಅವನ ಪಾಡು. ಮಂದಿಗೆ ನಗು ಬರುತ್ತದೆ, ಅವನಿಗೆ ಬರುವುದಿಲ್ಲ.

ಆ ಪಾತ್ರ ಮಾವನದು. ಮಾವ ಕೇಳಿದ್ದು ಒಂದೇ: ಅವನು ಯಾವ ಭಾಷೆ ಆಡುತ್ತಾನೆ? ನಮ್ಮ ಸೀಮೆಯದೇ, ನೀವು ಆಡುವ ಹಾಗೇ, ಎಂದ ವಿವೇಕಾನಂದ. ನಿಮ್ಮ ದನಿಗಾಗಿಯೇ ಬಂದೆ ಎಂದೂ ಹೇಳಿದ.

ಅತ್ತೆ ಆ ಹೊತ್ತು ಪಕ್ಕದ ಮನೆಯ ಫರ್ಹೀನ್ ಹತ್ತಿರ ಹೋಗಿದ್ದರು. ಬಂದ ಮೇಲೆ, ಸಿನೆಮಾದೊಳಗೆ ನಿಮ್ಮದು ಯಾವ ಪಾತ್ರ ಎಂದು ಕೇಳಿದರು. ಮಾವ ಹೇಳಲಿಲ್ಲ.

"ಅರ್ಧ ಕಥಿ ಹೇಳೂದು ನನ್ನ ಕಸಬು," ಎಂದರು. "ಉಳಿದರ್ಧ ನೀ ಹೇಳಬೇಕು. ನಾ ಬಾಯಿ ತಗದ ಕೂಡ್ಲೆ ಗುರ್ತ ಹಿಡೀಬೇಕು ನೋಡು."

"ನಿಮ್ಮ ಕೆಮ್ಮಿಗೇ ಗುರ್ತ ಹಿಡೀತೀನಿ. ಬಾಯಿ ಯಾತಕ್ಕ ತಗೀತೀರಿ?" ಎಂದರು ಅತ್ತೆ.

ಅಲ್ಲಿಗೆ ಪಂಥ ಆಯಿತು. ಮನೆಯವರು ಯಾರೂ ಬಾಯಿ ಬಿಡಬಾರದು ಎಂದು ಮಾವ ಕಟ್ಟಪ್ಪಣೆ ಮಾಡಿದರು. ಮೂರು ತಿಂಗಳು ಗಡ್ಡ ಬಿಟ್ಟರು. ಅತ್ತೆ ಅದನ್ನು ಮುಟ್ಟಿ ನೋಡಿ, ಜೋಳ ಕೊಯ್ದ ಹೊಲ ಇದ್ದಂಗ ಅದ ಎಂದರು. ಸಿನೆಮಾದೊಳಗೆ ಗಡ್ಡದವರು ನಾಲ್ವರಿದ್ದಾರೆ, ಒಬ್ಬ ಸ್ವಾಮಿ, ಒಬ್ಬ ಫಕೀರ, ಒಬ್ಬ ಭಿಕ್ಷುಕ, ಒಬ್ಬ ಯೆಹೂದಿ, ಅವರಲ್ಲಿ ನಾನೊಬ್ಬ ಎಂದಷ್ಟೇ ಮಾವ ಬಿಟ್ಟುಕೊಟ್ಟರು. ಅತ್ತೆಗೆ ಆ ಮೂರು ತಿಂಗಳು ಹೇಗೆ ಹೋದವೆಂದರೆ, ಮತ್ತೆ ಡೊಂಗರಗಾಂವದಲ್ಲಿ ರೊಟ್ಟಿ ಬಡಿಯುತ್ತ ಜೀಪು ಕಾಯುವ ಹುಡುಗಿಯ ಹಾಗೆ ಕೂತಿರುತ್ತಿದ್ದರು. ದಿನಕ್ಕೆರಡು ಸಲ ಕೇಳುತ್ತಿದ್ದರು, ಯಾವಾಗ ಬರ್ತದಂತ ಸಿನೆಮಾ?

ಕೋಟು ಹೊಲಿಸಲು ದರ್ಗಾದ ಪಕ್ಕ ರೋಜಾ ಓಣಿಯ ದರ್ಜಿ ಲಾಲ್ ಅಹ್ಮದ್ ಹತ್ತಿರ ಮಾವನನ್ನು ನಾನೇ ಕರೆದುಕೊಂಡು ಹೋಗಿದ್ದೆ. ಯೆಹೂದಿಗಳು ಎಂಥ ಕೋಟು ಹಾಕುತ್ತಿದ್ದರು ಎಂದು ಮಾವ ಕೇಳಿದರು. ಲಾಲ್ ಅಹ್ಮದ್ ಕನ್ನಡಕ ಹಣೆಗೇರಿಸಿ ನೋಡಿದರು.

"ಉರುಸಿಗೆ ಬಂದ ಎಲ್ಲಾ ಮುಲ್ಕಿನ ಮಂದೀನ ನೋಡೀನಿ ನಿಂಗಣ್ಣ, ಯಹೂದಿ ಒಬ್ಬನ್ನೂ ನೋಡಿಲ್ಲ. ಅಳತಿ ನಿಂದೇ ಅಲ್ಲೇನು? ಕೈ ಎತ್ತು."

ಮೊಣಕಾಲಿಗಿಂತ ಕೆಳಗಿನ ಕರಿ ಕೋಟು ಆಯಿತು. ಏಪ್ರಿಲ್ಲಿನ ಬಿಸಿಲಲ್ಲಿ ಅದನ್ನು ಹಾಕಿಕೊಂಡು ಮಾವ ಒಂಬತ್ತು ದಿನ ಕಮಲಾಪುರದಲ್ಲಿ ನಿಂತರು. ಬಿ.ಪಿ. ಗುಳಿಗೆ, ಮಜ್ಜಿಗೆ, ತಲೆಗೆ ಹಾಕಲು ಒದ್ದೆ ಟವೆಲು, ಎಲ್ಲ ನೋಡಿಕೊಳ್ಳಲು ಕೂಸನ್ನು ಕಟ್ಟಿಕೊಂಡು ನಾನೂ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದೆ. ಅತ್ತೆಯನ್ನು ಫರ್ಹೀನ್ ನೋಡಿಕೊಳ್ಳುತ್ತಿದ್ದಳು.

ಮೊದಲ ದಿನವೇ ಆದ ತಪ್ಪು ಇದು. ಕಾಲರಿಗೆ ಚುಚ್ಚುವ ಗುಂಡಿಯಷ್ಟು ಮೈಕು ತಂದು ಕೊಟ್ಟರು, ಅದರ ಡಬ್ಬಿ ಕೋಟಿನ ಕಿಸೆಗೆ. ಹುಡುಗರು ಕ್ಯಾಮೆರಾದ ಕಡೆ ಓಡಿದರು. ಜೆಸಿಬಿ ಧೂಳೆಬ್ಬಿಸುತ್ತಿತ್ತು. ಮಾವ ಆ ಮೈಕನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಇಷ್ಟು ಸಣ್ಣದು, ಧೂಳಿಗೆ ಸತ್ತೇ ಹೋಗುತ್ತದೆ ಎಂದರು. ಕಿಸೆಯಿಂದ ದಸ್ತಿ ತೆಗೆದು ನನ್ನ ಕೈಗೆ ಕೊಟ್ಟರು. ನಾನು ನಾಲ್ಕು ಮಡಿಕೆ ಮಾಡಿ, ಮೈಕನ್ನು ಒಳಗಿಟ್ಟು, ಬಿಚ್ಚದಿರಲೆಂದು ಎರಡು ಹೊಲಿಗೆ ಹಾಕಿ, ಕಾಣದ ಹಾಗೆ ಕೋಟಿನ ಒಳಮಗ್ಗುಲಿಗೆ ಚುಚ್ಚಿದೆ. ಕೂಸಿನ ಅಂಗಿಯ ಗುಂಡಿಗೆಂದು ಸೂಜಿದಾರ ಯಾವಾಗಲೂ ನನ್ನ ಚೀಲದಲ್ಲಿರುತ್ತದೆ. ಒಂಬತ್ತೂ ದಿನ ಹಾಗೇ ಮಾಡಿದೆ. ಅಚ್ಚುಕಟ್ಟಾಗಿ ಮಾಡಿದೆ ಎಂದು ಒಳಗೊಳಗೇ ಹಿಗ್ಗಿದ್ದೆ.

ಕೊನೆಯ ದಿನ ಹತ್ತು ಮಂದಿಯ ದೃಶ್ಯ. ಕಮಲಾಪುರದ ಬಸ್ ನಿಲ್ದಾಣದ ಹತ್ತಿರ ಒಂದು ಕುಸಿದ ಗೋಡೆಯ ಮೇಲೆ ಹತ್ತಿ ಯೆಹೂದಿ ಕೂಗುತ್ತಾನೆ. ಯಾರೂ ತಿರುಗಿ ನೋಡುವುದಿಲ್ಲ, ಕೊನೆಗೆ ಎಂಥೆಂಥವರೋ ಒಂಬತ್ತು ಮಂದಿ ಬಂದು ಪಕ್ಕದಲ್ಲಿ ನಿಲ್ಲುತ್ತಾರೆ. ಬರಬೇಕಾದವರನ್ನು ವಿವೇಕಾನಂದ ಮೊದಲೇ ಗೊತ್ತು ಮಾಡಿ ಬಾಳೆಹಣ್ಣಿನ ಬಂಡಿಗಳ ಹಿಂದೆ ನಿಲ್ಲಿಸಿದ್ದ. ಮಾವ ಗೋಡೆ ಹತ್ತಿದರು. ಟೋಪಿ ಸರಿ ಮಾಡಿಕೊಂಡರು. ಒಮ್ಮೆ ಆ ರಸ್ತೆಯ ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಮೂವತ್ತೊಂದು ವರ್ಷ ಅವರ ಜೀಪು ಹೋದ ರಸ್ತೆ ಅದು.

"ದೇವರ ಮುಂದ ನಿಲ್ಲಾಕ ಹತ್ತು ಮಂದಿ ಬೇಕ್ರೆಪ್ಪೋ. ನಾ ಒಬ್ಬ ಅದೀನಿ. ಇನ್ನ ಒಂಬತ್ತೇ ಮಂದಿ."

ನನ್ನ ಸೊಂಟದ ಮೇಲಿದ್ದ ಕೂಸು ಬೆಚ್ಚಿ ಸೆರಗು ಹಿಡಿಯಿತು. ಬಾಳೆಹಣ್ಣಿನವನು ತಕ್ಕಡಿ ಬಿಟ್ಟು ಎದ್ದು ಬಂದ. ಕ್ಷೌರದ ಅಂಗಡಿಯಿಂದ ಒಬ್ಬ ಅರ್ಧ ಮುಖಕ್ಕೆ ಸೋಪಿನ ನೊರೆ ಹಚ್ಚಿಕೊಂಡು ಬಂದ. ಬೀದರ ಬಸ್ಸಿಗೆ ನಿಂತಿದ್ದವರು ಬಸ್ಸು ಬಿಟ್ಟರು. ಒಂಬತ್ತಲ್ಲ, ಅರವತ್ತು ಎಪ್ಪತ್ತು ಮಂದಿ ಗೋಡೆಯ ಸುತ್ತ ನಿಂತುಬಿಟ್ಟರು. ಗೊತ್ತು ಮಾಡಿದ್ದ ಒಂಬತ್ತು ಮಂದಿಗೆ ದಾರಿಯೇ ಸಿಗಲಿಲ್ಲ. ವಿವೇಕಾನಂದ ನಗುತ್ತ ತಲೆ ಹಿಡಿದುಕೊಂಡ. ನೋಡಲು ಬಂದಿದ್ದ ಜೀಪಿನ ತುಕಾರಾಮ ಕಾಕಾ ನನ್ನ ಪಕ್ಕ ನಿಂತು ಮೂಗು ಒರೆಸಿಕೊಂಡರು.

ಹದಿನೈದು ದಿನದ ಮೇಲೆ ವಿವೇಕಾನಂದ ಮನೆಗೆ ಬಂದ. ಅಂಗಳದಲ್ಲೇ ನಿಂತು ನನ್ನನ್ನು ಹೊರಗೆ ಕರೆದ. ಧ್ವನಿ ಜೋಡಿಸಲು ಕೂತಾಗ ಗೊತ್ತಾಯಿತಂತೆ, ಮಾವನ ಒಂದು ಮಾತೂ ನೆಟ್ಟಗೆ ಬಂದಿಲ್ಲ. ಮೊಬೈಲಿನಲ್ಲಿ ತುಸು ಕೇಳಿಸಿದ. ಕಂಬಳಿ ಹೊದ್ದುಕೊಂಡು ಯಾರೋ ಪಕ್ಕದ ಮನೆಯಲ್ಲಿ ಮಾತಾಡಿದ ಹಾಗಿತ್ತು. ಅರಿವೆಯ ಕರಕರ ಶಬ್ದವೇ ಹೆಚ್ಚು. ಮೈಕು ಎಲ್ಲಿ ಚುಚ್ಚಿದ್ದರು ಅಕ್ಕಾ ಎಂದು ಕೇಳಿದ. ನಾನು ದಸ್ತಿಯ ವಿಷಯ ಹೇಳಿದೆ. ಅವನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಹೆಡ್‌ಫೋನು ಕಿವಿಗೆ ಹಚ್ಚಿಕೊಂಡು ದನಿ ಕೇಳುವವನನ್ನು ತಾನೂ ಇಟ್ಟಿರಲಿಲ್ಲ, ತನ್ನದೂ ತಪ್ಪು, ಡಬ್ಬಿಂಗ್ ಮಾಡಿದರಾಯಿತು ಎಂದ.

ಸೇಡಂ ರಸ್ತೆಯಲ್ಲೇ ಒಂದು ಕೋಣೆ, ಗೋಡೆಗೆಲ್ಲ ಹಾಸಿಗೆಯಂಥ ಮೆತ್ತೆ. ಎರಡು ದಿನ ಸಿಕ್ಕಿತ್ತು. ಮಾವನನ್ನು ಗಾಜಿನ ಹಿಂದೆ ನಿಲ್ಲಿಸಿದರು. ಎದುರಿನ ಪರದೆಯ ಮೇಲೆ ಅವರದೇ ಮುಖ, ಅವರದೇ ತುಟಿ. ತುಟಿ ಅಲುಗುವ ಹೊತ್ತಿಗೆ ಸರಿಯಾಗಿ ಮಾತು ಬೀಳಬೇಕು. ಬೀಳಲಿಲ್ಲ. ಪರದೆಯ ಮೇಲೆ ಬಾಯಿ ಮುಚ್ಚಿದ ಮೇಲೆ ಇಲ್ಲಿ ಮಾತು ಮುಗಿಯುತ್ತಿತ್ತು. ಬೇಗ ಶುರು ಮಾಡಿದರೆ ಅಲ್ಲಿ ಇನ್ನೂ ಬಾಯಿ ತೆರೆದಿರುತ್ತಿರಲಿಲ್ಲ. ಒಮ್ಮೆ ಅಂದ ಮಾತು ಇನ್ನೊಮ್ಮೆ ಹಾಗೇ ಬರುತ್ತಿರಲಿಲ್ಲ, ಮಧ್ಯೆ ಒಂದು "ಯಪ್ಪಾ" ಸೇರುತ್ತಿತ್ತು, ಒಂದು "ನೋಡ್ರಿ" ಬೀಳುತ್ತಿತ್ತು.

ನನಗೆ ಅದು ಆಶ್ಚರ್ಯವೆನಿಸಲಿಲ್ಲ. ಬಾಗಿಲಿಗೆ ಹೆಂಗಸರು ಬಂದರೆ ಮಾತು ಉದ್ದ ಮಾಡಿ, ನಾಯಿ ಬೆನ್ನು ಹತ್ತಿದರೆ ಮೊಟಕು ಮಾಡಿ, ಜೀಪಿನ ಗಾಲಿಯ ಜೊತೆ ಮಾತಾಡಿದ ಮನುಷ್ಯ. ಆ ಕೋಣೆಯಲ್ಲಿ ರಸ್ತೆಯೂ ಇರಲಿಲ್ಲ, ಕೇಳುವವರೂ ಇರಲಿಲ್ಲ. ಮೊದಲ ದಿನ ಮನೆಗೆ ಬಂದ ಮೇಲೆ ಮಾತುಗಳನ್ನೆಲ್ಲ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ. ವಿವೇಕಾನಂದ ಕೊಟ್ಟ ತುಣುಕುಗಳನ್ನು ಮೊಬೈಲಿನಲ್ಲಿ ಹಚ್ಚಿ, ಅತ್ತೆಗೆ ಕೇಳಬಾರದೆಂದು ಮಾಳಿಗೆಯ ಮೇಲೆ, ಒಣ ಹಾಕಿದ ಸಂಡಿಗೆಗಳ ನಡುವೆ ಅಭ್ಯಾಸ ಮಾಡಿಸಿದೆ. ನಾನು ತೊಡೆ ತಟ್ಟಿ ತಾಳ ಕೊಟ್ಟೆ. ಒಂದು ಸಲ, ಒಂದೇ ಸಲ, ಕೂಡಿತು. ಮರುದಿನ ಗಾಜಿನ ಹಿಂದೆ ಅದೂ ಹೋಯಿತು.

ಎರಡನೆಯ ದಿನ ಸಂಜೆ ಐದಕ್ಕೆ ಮಾವ ಕಿವಿಯಿಂದ ಹೆಡ್‌ಫೋನು ತೆಗೆದಿಟ್ಟು ಕುರ್ಚಿಯ ಮೇಲೆ ಕೂತರು.

"ನನ್ನ ತುಟಿ ನನಗಽ ಕಾಯಂಗಿಲ್ಲಪ್ಪ, ವಿವೇಕಾ," ಎಂದರು.

ಅವನು ಅವರ ಕೈ ಹಿಡಿದು, ಬೆಂಗಳೂರಿನಲ್ಲಿ ಇದನ್ನೇ ಮಾಡುವವರಿದ್ದಾರೆ, ಮುಖ ನಿಮ್ಮದೇ ಇರುತ್ತದೆ ಕಾಕಾ ಎಂದ. ಮುಖ ಯಾರಿಗೆ ಬೇಕಾಗಿತ್ತು? ಮಾವ ಹಾಗನ್ನಲಿಲ್ಲ. ಹ್ಞೂಂ ಎಂದರು.

ಅತ್ತೆಗೆ ಮೊದಲೇ ಹೇಳಿಬಿಡಿ ಎಂದು ನಾನು ಅಂದೆ. ಆಟೋದಲ್ಲಿ ಬರುತ್ತ ಅಂದೆ, ಆಮೇಲೂ ಎರಡು ಮೂರು ಸಲ ಅಂದೆ. ಹೇಳೋಣಂತ, ಇನ್ನಾ ಅದ, ಎನ್ನುತ್ತಿದ್ದರು. ಆಮೇಲೆ ಒಂದು ದಿನ ತಾವೇ ಉಪಾಯ ಕಂಡುಕೊಂಡರು. ಸಿನೆಮಾ ನೋಡುವಾಗ ಅತ್ತೆಯ ಪಕ್ಕದಲ್ಲೇ ಕೂಡ್ರುವುದು, ಪರದೆಯ ಮೇಲೆ ತಾನು ಬಾಯಿ ತೆರೆದಾಗ ಇಲ್ಲಿ ಅವರ ಕಿವಿಯಲ್ಲಿ ತಾನೇ ಆ ಮಾತು ಹೇಳುವುದು. ಅತ್ತೆಯೇನು ತುಟಿ ನೋಡುತ್ತಾರೆಯೆ? ಹೌದಲ್ಲ ಅನಿಸಿತು ನನಗೂ. ಅದರ ಮೇಲೆ ಮಾವ ಸ್ವಲ್ಪ ಗೆಲುವಾದರು.

ಟಾಕೀಸಿನವರು ಯಾರೂ ಸಿನೆಮಾ ಹಾಕಲಿಲ್ಲ. ಹಾಕಿದರೆ ತುಕಾರಾಮ ಕಾಕಾನ ಜೊತೆ ಜೀಪಿನಲ್ಲಿ ಸಾರುತ್ತೇನೆ ಎಂದು ಮಾವ ಮಾತು ಹೊಂದಿಸಿಟ್ಟಿದ್ದರು, ಅದು ಹಾಗೇ ಉಳಿಯಿತು. ಮಳೆಗಾಲ ಮುಗಿದ ಮೇಲೆ ಮೊಬೈಲಿನ ಯಾವುದೋ ಆ್ಯಪಿನಲ್ಲಿ ಬಂತು. ಒಂದು ಭಾನುವಾರ ಮುಂಜಾನೆ ಹನ್ನೊಂದಕ್ಕೆ ಮಾಳಿಂಗ ಅದನ್ನು ಟಿವಿಗೆ ಜೋಡಿಸಿದ. ಅತ್ತೆ ತಲೆಗೆ ಎಣ್ಣೆ ಹಚ್ಚಿಸಿಕೊಂಡು, ಇಳಕಲ್ ಸೀರೆ ಉಟ್ಟು, ಟಾಕೀಸಿಗೆ ಹೊರಟವರ ಹಾಗೆ ಚಾಪೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಮಾವ.

ಜೆಸಿಬಿಯ ಸದ್ದು. ಯೆಹೂದಿ ಹಗೇವಿನಿಂದ ತಲೆ ಎತ್ತಿದ. ಬಾಯಿ ತೆರೆದ. ಬಂದದ್ದು ಯಾರದೋ ದನಿ. ಕೆಟ್ಟದ್ದಲ್ಲ, ಒಳ್ಳೆಯ ತರಬೇತಿಯ ದನಿ, ನಾಟಕದ ರಾಜ ಮಾತಾಡುವ ಹಾಗೆ ಸ್ವಚ್ಛ ಪುಸ್ತಕದ ಕನ್ನಡ. ಮಾವ ಅತ್ತೆಯ ಕಿವಿಯ ಹತ್ತಿರ ಬಾಗಿ ತಮ್ಮ ಮಾತು ಶುರು ಮಾಡಿದರು. ತುಸು ತಡವಾಗಿತ್ತು. ಎರಡು ದನಿ ಒಂದರ ಮೇಲೊಂದು ಬಿದ್ದವು.

ಅತ್ತೆ ಅವರ ಮೊಣಕಾಲಿನ ಮೇಲೆ ಕೈಯಿಟ್ಟು ಮೆಲ್ಲಗೆ ಒತ್ತಿದರು.

"ಸುಮ್ನಿರ್ರಿ ಒಂದೀಟು. ಅಂವ ಏನೋ ಹೇಳಾಕತ್ಯಾನ, ಕೇಳಗೊಡ್ರಿ."

ಮಾವ ಸುಮ್ಮನಾದರು. ಆಮೇಲೆ ಬಾಯಿ ತೆರೆಯಲಿಲ್ಲ.

ಅತ್ತೆ ಬಹಳ ನಕ್ಕರು. ಆಟೋದವನ ಹತ್ತಿರ ಕುದುರೆ ಕೇಳಿದಾಗ ಕಣ್ಣೀರು ಬರುವಷ್ಟು ನಕ್ಕರು. ನಡುನಡುವೆ ಕೇಳುತ್ತಿದ್ದರು, ನಿಮ್ಮದು ಯಾವಾಗ ಬರ್ತದ್ರಿ? ಸ್ವಾಮಿ ಮಾತಾಡಿದ, ಅವನಲ್ಲ. ಫಕೀರ ಮಾತಾಡಿದ, ಅವನೂ ಅಲ್ಲ. ಉಳಿದವ ಭಿಕ್ಷುಕ, ಹಂಗಾದ್ರ ನೀವು ಭಿಕ್ಷುಕ ಎಂದು ಗೆದ್ದವರ ಹಾಗೆ ಕೂತರು. ಭಿಕ್ಷುಕನೂ ಮಾತಾಡಿದ. ಅತ್ತೆ ಕತ್ತು ಓರೆ ಮಾಡಿ ಪೂರ್ತಿ ಕೇಳಿದರು, ಅವನೂ ಅಲ್ಲ. ಗೋಡೆಯ ದೃಶ್ಯ ಬಂತು. ಆ ಸ್ವಚ್ಛ ದನಿ, ನನ್ನಂಥ ಇನ್ನೊಂಬತ್ತು ಜನರು ಬೇಕು ಎಂದು ಹೇಳಿತು. ನೊರೆ ಹಚ್ಚಿಕೊಂಡವನು ಓಡಿ ಬಂದದ್ದು ಕಂಡಿತು. ಯಾರ ಕರೆಗೆ ಓಡಿ ಬಂದನೆಂದು ಆ ಕೋಣೆಯಲ್ಲಿ ಕಣ್ಣಾರೆ ಕಂಡವರು ನಾನು, ಮಾವ, ಇಬ್ಬರೇ.

ಹಾಡು ಹತ್ತಿತು, ಹೆಸರುಗಳು ಮೇಲೇರಿದವು.

"ಮುಗೀತೇನು?" ಎಂದರು ಅತ್ತೆ. "ನಿಮ್ಮದು ಬರಲೇ ಇಲ್ಲಲ್ರಿ."

ಮಾಳಿಂಗ ಏನೋ ಹೇಳಲು ಹೋದ. ನಾನು ಅವನ ತೋಳು ಹಿಡಿದೆ. ಹೇಳುವುದಿದ್ದರೆ ಅದು ಮಾವನ ಮಾತು.

"ಕತ್ರಿ ಹಾಕ್ಯಾರ," ಎಂದರು ಮಾವ. "ಉದ್ದ ಆಗಿತ್ತಂತ."

ಅತ್ತೆ ಅವರ ಗಡ್ಡ ತೆಗೆದ ಕೆನ್ನೆಯನ್ನು ಹುಡುಕಿ ಸವರಿದರು. ಹೋಗಲಿ ಬಿಡ್ರಿ, ನಿಮ್ಮ ದನಿ ಅವರ ಡಬ್ಬ್ಯಾಗ ಹಿಡದಿರಲಿಕ್ಕಿಲ್ಲ ಎಂದು ಸಮಾಧಾನ ಮಾಡಿದರು. ಆಮೇಲೆ, ಆ ಯೆಹೂದಿ ಮುದುಕ ಮಾತ್ರ ಛಲೋ ಇದ್ದ, ಪಾಪ, ಎಂದರು.

ಅಂದಿನಿಂದ ಮಾವ ಪೇಪರು ಓದುವುದು ಕಡಿಮೆಯಾಯಿತು. ಗಂಟಲು ಕಟ್ಟಿದೆ ಎನ್ನುತ್ತಾರೆ. ಶುಂಠಿ ಕಷಾಯ ಮಾಡಿ ಕೊಟ್ಟರೆ ಕುಡಿಯುತ್ತಾರೆ. ಗಂಟಲು ಕಟ್ಟಿಲ್ಲವೆಂದು ನನಗೆ ಗೊತ್ತು. ಅರ್ಧ ಕಥೆಗಳೂ ನಿಂತವು. ಮನೆಯಲ್ಲಿ ಅವರಿದ್ದಾರೋ ಇಲ್ಲವೋ ತಿಳಿಯದೆ ಅತ್ತೆ ಆಗಾಗ, ಅದೀರೇನ್ರಿ ಎಂದು ಕೂಗುತ್ತಾರೆ. ಮಾವ ಕೆಮ್ಮುತ್ತಾರೆ. ಆ ದಸ್ತಿ ಕೋಟಿನ ಕಿಸೆಯಲ್ಲಿ ಸಿಕ್ಕಿತು, ಹೊಲಿಗೆ ಬಿಚ್ಚಿ, ಒಗೆದು, ಕೂಸಿನ ಮೂಗು ಒರೆಸಲು ಇಟ್ಟುಕೊಂಡಿದ್ದೇನೆ. ಎಸೆಯುವುದಕ್ಕೆ ಮನಸ್ಸಾಗಲಿಲ್ಲ, ಪೆಟ್ಟಿಗೆಯಲ್ಲಿಡುವುದಕ್ಕೂ ಆಗಲಿಲ್ಲ.

ಹೊತ್ತು ಹೋಗದಾಗ ಅತ್ತೆ ನನ್ನನ್ನು ಕೇಳುತ್ತಾರೆ, ಮಲ್ಲಿಕಾ, ಆ ಮುದುಕಂದು ಹಚ್ಚವ್ವ ಎಂದು. ಇಲ್ಲ ಎನ್ನಲು ನನ್ನ ಹತ್ತಿರ ಕಾರಣವಿಲ್ಲ. ಹಚ್ಚುತ್ತೇನೆ. ಮಾವ ಎದ್ದು ಹೊರಗಿನ ಮೆಟ್ಟಿಲ ಮೇಲೆ ಕೂಡ್ರುತ್ತಾರೆ, ಮುಗಿಯುವ ತನಕ ಅಲ್ಲೇ ಇರುತ್ತಾರೆ. ನಿನ್ನೆಯೂ ಹಾಗೇ ಆಯಿತು. ಯೆಹೂದಿ ಗೋಡೆ ಹತ್ತಿದಾಗ ಕೂಸು ಟಿವಿಯ ಹತ್ತಿರ ಹೋಗಿ, ಗಾಜಿನ ಮೇಲೆ ಬೆರಳಿಟ್ಟು, "ಅಜ್ಜ" ಎಂದಿತು.

"ಅಜ್ಜ ಹೊರಗ ಕುಂತಾನವ್ವ," ಎಂದರು ಅತ್ತೆ, ಕಿವಿಯನ್ನು ಟಿವಿಯ ಕಡೆಗೇ ಇಟ್ಟುಕೊಂಡು. "ಇಂವ ಬ್ಯಾರೆ ಮುದುಕ."